ಬಾರದ ಬಸ್ಸು, ಏಳದ ಮುಳ್ಳು

ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ಕೂತು, ಬರುವ ಹೋಗುವ ಬಸ್ಸುಗಳನ್ನು ಕೂಗಿ ಹೇಳುವುದರಲ್ಲೇ ಆಯುಸ್ಸು ಸವೆಸಿದವನು ಅವನು. ಎಲ್ಲರಿಗೂ ಮೈಕಣ್ಣ. ಹೆತ್ತವರಿಟ್ಟ ಹೆಸರು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಆ ಕೆಲಸಕ್ಕೊಂದು ಕಟ್ಟಳೆಯಿತ್ತು: ಬಸ್ಸು ಬರುವುದಿಲ್ಲ ಎಂದು ಮಾತ್ರ ಯಾವತ್ತೂ ಹೇಳಕೂಡದು. ದಾರಿಯಲ್ಲಿ ಕೆಟ್ಟು ನಿಂತಿರಲಿ, ಡಿಪೋದಿಂದ ಹೊರಟೇ ಇರದಿರಲಿ, ‘ಇನ್ನು ಕೆಲವೇ ಹೊತ್ತಿನಲ್ಲಿ ಬರಲಿದೆ’ ಎನ್ನಬೇಕು. ಜನ ರೊಚ್ಚಿಗೇಳಬಾರದಲ್ಲ. ಕಾದು ಕಾದು ಬೇಸತ್ತವರು ತಾವಾಗಿಯೇ ಗಂಟುಮೂಟೆ ಎತ್ತಿಕೊಂಡು ಹೋಗುತ್ತಿದ್ದರು. ಅಷ್ಟು ಮೆತ್ತಗಿನ ದನಿಯಲ್ಲಿ ಸುಳ್ಳು ಹೇಳಿದರೆ ಬೈಯುವುದಕ್ಕಾದರೂ ಯಾರಿಗೆ ಬಾಯಿ ಬರುತ್ತದೆ, ಹೇಳಿ.

ನಿವೃತ್ತಿಯಾದ ಮೇಲೆ ಹೆಂಡತಿಯ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಸ್ಪತ್ರೆಗೆ ಓಡಾಡಲೆಂದೇ ಹಳೆಯ ಕಾರೊಂದು ಮನೆಗೆ ಬಂತು. ಹೋದ ವಾರ ಡಾಕ್ಟರು ಅವನೊಬ್ಬನನ್ನೇ ಒಳಗೆ ಕರೆದು, ಔಷಧಿ ಹಿಡಿಯುತ್ತಿಲ್ಲ, ಮುಂದುವರಿಸಿದರೆ ಸಂಕಟವೇ ಹೆಚ್ಚು, ಅವರನ್ನೂ ಕೇಳಿ ತೀರ್ಮಾನಿಸಿ ಎಂದಿದ್ದರು. ಹೊರಗೆ ಬೆಂಚಿನ ಮೇಲೆ ಕೂತಿದ್ದವಳು ಕೇಳಿದಳು.

“ಏನಂದ್ರು?”

“ಇನ್ನು ಸ್ವಲ್ಪ ದಿನ ಅಷ್ಟೇ. ಎಲ್ಲಾ ಸರಿಹೋಗುತ್ತಂತೆ.”

“ಹಾಗಾದ್ರೆ ಒಂದ್ಸಲ ಅಕ್ಕನ ಮನೆಗೆ ಹೋಗಿ ಬರೋಣ್ವಾ?”

“ಈ ಚಿಕಿತ್ಸೆ ಮುಗೀಲಿ, ಆಮೇಲೆ ನೋಡೋಣ.”

ಅವಳು ಚೀಲ ಎತ್ತಿಕೊಂಡು ಎದ್ದಳು. ಅದೇ ದಿನ ಹಿಂದಿರುಗುವ ದಾರಿಯಲ್ಲಿ ಕಾರು ಕೈಕೊಟ್ಟಿತು. ಹಿಂದಿನಿಂದ ಕಪ್ಪು ಹೊಗೆ, ಮೂಗಿಗೆ ಪೆಟ್ರೋಲ್ ವಾಸನೆ. ಒಮ್ಮೆ ನಿಲ್ಲಿಸಿದರೆ ಮತ್ತೆ ಶುರುವಾಗಲು ಒಲ್ಲೆ ಎನ್ನುತ್ತಿತ್ತು. ಎಷ್ಟು ಓಡಿದರೂ ಬಿಸಿ ತೋರಿಸುವ ಮುಳ್ಳು ತಳ ಬಿಟ್ಟು ಏಳಲಿಲ್ಲ. ಗ್ಯಾರೇಜಿನ ಮೇಸ್ತ್ರಿ ಬಾನೆಟ್ ಎತ್ತಿ ನೋಡಿದ.

“ಬಿಸಿ ಅಳೆಯೋ ಸೆನ್ಸಾರ್ ಹೋಗಿದೆ. ಎಂಜಿನ್ ಕುದೀತಿದ್ರೂ ತಣ್ಣಗಿದೆ ಅಂತಾನೇ ಹೇಳ್ತಿದೆ. ಅದನ್ನ ನಂಬ್ಕೊಂಡು ಗಾಡಿ, ತಣ್ಣಗಿನ ಎಂಜಿನ್ನಿಗೆ ಬೇಕಾಗೋವಷ್ಟು ಪೆಟ್ರೋಲ್ ಸುಮ್ನೆ ಕುಡೀತಿದೆ. ನನ್ನ ಕೈಲಿ ಈ ವಾರ ಆಗಲ್ಲ. ನೀವೇ ಹಾಕ್ಕೊಳ್ಳಿ, ದಪ್ಪ ಪೈಪ್ ಎಂಜಿನ್ನಿಗೆ ಸೇರೋ ಬುಡದಲ್ಲೇ ಇರುತ್ತೆ.”

ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗಬೇಕು. ಮೈಕಣ್ಣ ಹೊಸ ಸೆನ್ಸಾರ್ ತಂದು, ಎಂಜಿನ್ ಪೂರ್ತಿ ತಣ್ಣಗಾಗಲು ಬಿಟ್ಟು, ಮನೆಯ ಮುಂದೆಯೇ ಅಂಗಿಯ ತೋಳು ಮಡಚಿದ. ಹೆಂಡತಿ ಶಾಲು ಹೊದ್ದು, ಬಾಗಿಲಿನಿಂದ ಕುರ್ಚಿ ಎಳೆದುಕೊಂಡು ಬಂದು ಟಾರ್ಚ್ ಹಿಡಿದು ಕೂತಳು.

“ಸಿನಿಮಾಕ್ಕೆ ತಾನೇ ಸೆನ್ಸಾರು? ನಮ್ಮ ಕಾರಿಗೆ ಯಾಕಂತೆ?”

“ನೀನು ಬೆಳಕು ಸರಿಯಾಗಿ ಹಿಡಿ.”

ಅವನು ಮೊದಲು ಕೈಗೆ ಸಿಕ್ಕ ಯಾವುದೋ ವೈರಿನ ಪ್ಲಗ್ಗು ಕಿತ್ತ. “ಅದಲ್ಲ ರೀ, ಪೈಪಿನ ಬುಡ ಅಂದಿದ್ರಲ್ಲ” ಎಂದಳು. ಅದನ್ನು ಮತ್ತೆ ಸಿಕ್ಕಿಸಿ, ರೇಡಿಯೇಟರಿನಿಂದ ಬಂದ ಪೈಪಿನ ಮೇಲೆ ಬೆರಳಾಡಿಸುತ್ತಾ ಹೋದ. ಬ್ಯಾಟರಿ ಅಡ್ಡ ಬಂತು, ಬಿಚ್ಚಿ ಕೆಳಗಿಟ್ಟ. ಅದರ ಹಿಂದೆ ಅಡಗಿತ್ತು, ಹೆಬ್ಬೆಟ್ಟಿನಷ್ಟು ಹಿತ್ತಾಳೆಯ ತುಂಡು. ಉಗುರಿನಿಂದ ಕ್ಲಿಪ್ಪು ಒತ್ತಿ ವೈರು ಬಿಡಿಸಿ, ಸ್ಪ್ಯಾನರ್ ಹಾಕಿ ತಿರುಗಿಸಿದ. ತೂತಿನಿಂದ ಎಂಜಿನ್ ತಣಿಸುವ ಹಸಿರು ನೀರು ಒಸರಿತು. ಬೆರಳು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಹೊಸದನ್ನು ಕೂರಿಸಿ ಬಿಗಿ ಮಾಡಿದ.

ಹಳೆಯದನ್ನು ಅವಳು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದಳು.

“ಒಳಗೆ ಕುದೀತಿದ್ರೂ ಏನೂ ಇಲ್ಲ ಅಂತಿದ್ದಿದ್ದು ಇದೇನಾ?”

“ಹೂಂ.”

ಅವಳು ಟಾರ್ಚ್ ಆರಿಸಿದಳು.

“ರೀ, ಮದುವೆಗೆ ಮುಂಚೆ ನಾನು ನಿಮ್ಮ ನಿಲ್ದಾಣದಲ್ಲೇ ಬಸ್ಸಿಗೆ ಕಾಯ್ತಿದ್ದೆ. ನೀವು ‘ಕೆಲವೇ ಹೊತ್ತಿನಲ್ಲಿ’ ಅಂದ ತಕ್ಷಣ ಚೀಲ ಎತ್ಕೊಂಡು ನಡೆದೇ ಹೊರಟುಬಿಡ್ತಿದ್ದೆ. ಎಲ್ರೂ ಕೂತಿರೋರು, ನಾನು ಮನೆ ಸೇರಿರ್ತಿದ್ದೆ.”

ಮೈಕಣ್ಣ ಸ್ಪ್ಯಾನರ್ ಕೆಳಗಿಟ್ಟ.

“ಆವತ್ತು ಆಸ್ಪತ್ರೇಲಿ ನಿಮ್ಮ ದನಿ ಅದೇ ಇತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ನನ್ನ ಹೊಟ್ಟೆ ನನಗೆ ಗೊತ್ತಾಗಲ್ವಾ? ನೀವಾಗೇ ಹೇಳ್ತೀರಿ ಅಂತ ವಾರದಿಂದ ಕಾದೆ. ಈಗ ಹೇಳಿ. ಬಸ್ಸು ಬರುತ್ತಾ?”

ಅವನ ಗಂಟಲಿಗೆ ಅದೇ ಹಳೆಯ ಮಾತು ಬಂದು ನಿಂತಿತು. ಮೂವತ್ತು ವರ್ಷದ ಅಭ್ಯಾಸ, ಸುಮ್ಮನೆ ಬಿಡುತ್ತದೆಯೇ? ಅದನ್ನು ನುಂಗಿಕೊಂಡ.

“ಬರಲ್ಲ ಕಣೇ.”

ಅಷ್ಟು ಹೇಳಿ ಅತ್ತುಬಿಟ್ಟ. ಕಣ್ಣೊರೆಸಿಕೊಳ್ಳಲು ಹೋದರೆ ಕೈತುಂಬ ಗ್ರೀಸು. ಅವಳೇ ಎದ್ದು ಬಂದು ಶಾಲಿನ ಅಂಚಿನಿಂದ ಅವನ ಮುಖ ಒರೆಸಿದಳು.

“ನಂಗೂ ಭಯ ಆಗುತ್ತೆ ರೀ. ಆದ್ರೆ ಇಲ್ಲಿ ಕೂತ್ಕೊಂಡು ಕಾಯೋದು ಬೇಡ. ಅಕ್ಕನ ಹತ್ರ ಆಡೋ ಮಾತು ತುಂಬಾ ಇದೆ. ಶಕ್ತಿ ಇರೋವಾಗ್ಲೇ ಆಡ್ತೀನಿ, ನಾಳೇನೇ ಹೋಗೋಣ.”

ಅವನು ವೈರು ಸಿಕ್ಕಿಸಿದ, ಬ್ಯಾಟರಿ ಕೂರಿಸಿದ, ಕಡಿಮೆಯಾದ ನೀರು ತುಂಬಿಸಿದ. ಕಾರು ಶುರುವಾಯಿತು. ಅವಳು ಪಕ್ಕದ ಸೀಟಿನಲ್ಲಿ ಕೂತಳು. ಇಬ್ಬರೂ ಮುಳ್ಳನ್ನೇ ನೋಡಿದರು. ಅದು ಮೆಲ್ಲಗೆ ತಳ ಬಿಟ್ಟು ಎದ್ದು, ನಡುವಿಗೆ ಬಂದು ನಿಂತಿತು.

“ನಾಳೆ ಆಸ್ಪತ್ರೆಯವರು ಕಾಯ್ತಾರಲ್ಲ” ಎಂದ ಅವನು. “ಏನು ಹೇಳ್ಲಿ?”

“ಬರಲ್ಲ ಅಂತ ಹೇಳಿ. ಈಗ ಹೇಳೋಕೆ ಬಂತಲ್ಲ.”