ಗಾರ್ಡ್ ಸಾರ್ ಕೇಳಿದ ರುಜು

ನೆಲದ ಮೇಲೆ ನಿಂತಿದ್ದರೂ ಅವರ ಕಾಲು ನೆಲವನ್ನು ನಂಬುತ್ತಿರಲಿಲ್ಲ. ಎರಡು ಪಾದಗಳ ನಡುವೆ ಒಂದು ಮೊಳ ಜಾಗ ಬಿಟ್ಟು, ಮಂಡಿ ಸ್ವಲ್ಪ ಬಗ್ಗಿಸಿ, ಈಗಲೋ ಆಗಲೋ ಜೋಲಿ ಹೊಡೆಯಬಹುದು ಅನ್ನುವ ಹಾಗೆ ನಿಲ್ಲುತ್ತಿದ್ದರು. ಹಾಲಿನ ಅಂಗಡಿಯ ಮುಂದೆಯೂ ಹಾಗೇ, ಓಟು ಹಾಕುವ ಸಾಲಿನಲ್ಲೂ ಹಾಗೇ. ಗೂಡ್ಸ್ ರೈಲಿನ ಕೊನೆಯ ಡಬ್ಬಿಯಲ್ಲಿ ಒಬ್ಬರೇ ನಿಂತು ಸರ್ವೀಸು ಮುಗಿಸಿದವರು. ಅರಸೀಕೆರೆಯ ನಮ್ಮ ಬೀದಿಗೆ ಅವರು ಗಾರ್ಡ್ ಸಾರ್. ಹೆಸರು ಎಲ್ಲರಿಗೂ ಗೊತ್ತಿತ್ತು, ಯಾರೂ ಕರೆಯುತ್ತಿರಲಿಲ್ಲ.

ಅವರದು ನಮ್ಮ ಎದುರು ಮನೆ. ಹಜಾರದಲ್ಲಿ ಬುದ್ಧನ ಫೋಟೊ, ಬಾಗಿಲಲ್ಲಿ ಎರಡು ಕುರ್ಚಿ, ಕಾಂಪೌಂಡ್ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆದ ವೈಫೈ ಪಾಸ್‌ವರ್ಡ್. ಹೌದು, ಗೋಡೆಯ ಮೇಲೆ. ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ, ‘ನೀರು ಎಲ್ಲರಿಗೂ’ ಅಂತ. ಬೀದಿಯಲ್ಲಿ ಯಾರು ಬೇಕಾದರೂ ಹಾಕಿಕೊಳ್ಳಬಹುದಿತ್ತು, ನಾವೂ ಹಾಕಿಕೊಂಡಿದ್ದೆವು. ಅವರ ಮನೆಯಲ್ಲಿ ಒಂದು ಲೋಟ ನೀರು ಮುಟ್ಟದ ಯಜಮಾನರುಗಳೂ ಮೊಮ್ಮಕ್ಕಳಿಂದ ಅದನ್ನು ಫೋನಿಗೆ ಹಾಕಿಸಿಕೊಂಡು ಜಗಲಿಯಲ್ಲಿ ಕೂತು ಪಂಚಾಂಗ ನೋಡುತ್ತಿದ್ದರು.

“ಗೋಡೆ ಮೇಲೆ ಯಾಕೆ ಸಾರ್? ಬಂದು ಕೇಳಿದೋರಿಗೆ ಹೇಳಿದ್ರಾಗಲ್ವಾ?” ಅಂತ ಒಮ್ಮೆ ಕೇಳಿದೆ.

“ಕೇಳೋಕೆ ಬಂದೋರು ಬಾಗಿಲಲ್ಲಿ ನಿಂತ್ಕೊಂಡು ಕಾಯಬಾರದು ಕಣಮ್ಮ,” ಅಂದರು. ಆಗ ಅದು ಅವರದೊಂದು ವಿಚಿತ್ರ ಅನ್ನಿಸಿತ್ತು.

ಅವರ ಅಭಿಪ್ರಾಯಗಳಿಗೇನೂ ಬರವಿರಲಿಲ್ಲ. ಚುನಾವಣೆ ಬಂದರೆ ಎಲ್ಲ ಪಕ್ಷದವರನ್ನೂ ಕೂರಿಸಿ ಕಾಫಿ ಕೊಡುತ್ತಿದ್ದರು. ಯಾರಿಗೆ ಹಾಕುತ್ತೀನಿ ಅಂತ ಹೆಂಡತಿಗೂ ಹೇಳಿದವರಲ್ಲ. ಫೋನಿನಲ್ಲಿ ನಡೆಯುವ ರಾಜಕೀಯದ ಜಗಳಗಳನ್ನು ಕಂಡರೆ ಮಾತ್ರ ಅವರಿಗೆ ಆಗುತ್ತಿರಲಿಲ್ಲ. “ಬೀದಿಗೆ ಬಂದು ಆಡ್ಲಿ. ಮುಖ ನೋಡಿದ್ರೆ ಅರ್ಧ ಸಿಟ್ಟು ಇಳೀತದೆ,” ಅನ್ನುತ್ತಿದ್ದರು. ಹಾಗಾದರೆ ಊರಿಗೆಲ್ಲ ವೈಫೈ ಯಾಕೆ ಕೊಟ್ಟಿರಿ ಅಂತ ರೇಗಿಸಿದರೆ, “ರೈಲು ನಮ್ದು, ಪ್ರಯಾಣಿಕರು ಅವರವರ ಊರಿಗೆ,” ಅಂತ ನಗುತ್ತಿದ್ದರು.

ಬೀದಿಯ ತುದಿಯಲ್ಲಿ ಒಂದು ಫಿಲ್ಟರ್ ನೀರಿನ ಘಟಕವಿತ್ತು. ಬೀದಿಯವರೇ ಕೂಡಿ ಹಾಕಿಸಿದ್ದು. ಮನೆಮನೆ ಸುತ್ತಿ ಎಲ್ಲರನ್ನೂ ಒಪ್ಪಿಸಿದವರು ಗಾರ್ಡ್ ಸಾರ್. ಹಿಂದಿನ ಓಣಿಯಿಂದಲೂ ಜನ ಕ್ಯಾನು ಹಿಡಿದುಕೊಂಡು ಬರುತ್ತಿದ್ದರು. ವಾರಕ್ಕೊಂದು ಮನೆಯವರು ಅದನ್ನು ತೊಳೆಯಬೇಕು. ತಮ್ಮ ವಾರ ಬಂದಾಗ ಗಾರ್ಡ್ ಸಾರ್ ಪ್ಯಾಂಟು ಮಡಚಿಕೊಂಡು ಪೊರಕೆ ಹಿಡಿದರೆ, ಮುಂದಿನ ವಾರದವರು ನಾಚಿಕೆಗಾದರೂ ತೊಳೆಯುತ್ತಿದ್ದರು.

ಎರಡು ವರ್ಷದ ಹಿಂದೆ ಘಟಕದ ಶೀಟು ತೂತುಬಿದ್ದು, ಮೋಟಾರು ಕೆಟ್ಟಿತು. ಪಕ್ಕದಲ್ಲೇ ಇದ್ದ ಸಮುದಾಯ ಭವನದವರು, “ನಮ್ಮ ಕಾಂಪೌಂಡಿನೊಳಗೆ ಇಟ್ಕೊಳ್ಳಿ, ರಿಪೇರಿ ನಾವೇ ಮಾಡಿಸ್ತೀವಿ,” ಅಂದರು. ಬೀದಿಗೆ ಬೀದಿಯೇ ಖುಷಿಪಟ್ಟಿತು. ಗಾರ್ಡ್ ಸಾರ್ ಒಬ್ಬರು ಬೇಡ ಅಂದರು. ಕೊನೆಗೆ, ಅರ್ಧಕ್ಕಿಂತ ಹೆಚ್ಚು ಮನೆಯವರು ಬೇಡ ಅಂತ ಬರೆದುಕೊಟ್ಟರೆ ಘಟಕ ಇದ್ದಲ್ಲೇ ಇರಲಿ ಅಂತ ತೀರ್ಮಾನವಾಯಿತು.

ಮಾರನೇ ದಿನ ಸಂಜೆ ಕಾಗದ ಹಿಡಿದು ನಮ್ಮ ಬಾಗಿಲಿಗೆ ಬಂದರು. “ನೋಡೀಮ್ಮ, ಒಂದು ರುಜು.”

“ನಾನು ಸರ್ಕಾರಿ ನೌಕರಳು ಸಾರ್. ಇಂಥದ್ದಕ್ಕೆಲ್ಲ ಸಹಿ ಹಾಕೋ ಹಾಗಿಲ್ಲ.”

“ಇದು ಸರ್ಕಾರದ್ದಲ್ವಲ್ಲಮ್ಮ. ನಮ್ಮ ಬೀದಿ ನಲ್ಲಿದು.”

ನಾನು ಗುಮಾಸ್ತೆ, ನೆಪ ಹುಡುಕುವುದು ನನಗೆ ಯಾರೂ ಕಲಿಸಬೇಕಿಲ್ಲ. ನಿಜ ಬೇರೆಯೇ ಇತ್ತು. ಆ ಭವನ ನಮ್ಮ ಜನದ್ದು. ನಮ್ಮೆಜಮಾನರು ಅದರ ಕಮಿಟಿಯಲ್ಲಿದ್ದರು. ಅದು ಗಾರ್ಡ್ ಸಾರ್‌ಗೂ ಗೊತ್ತಿತ್ತು.

“ಒಳಗಿದ್ರೆ ಏನಾಗುತ್ತೆ ಸಾರ್? ನೀರು ಅದೇ ಅಲ್ವಾ?” ಅಂದೆ.

“ನೀರು ಅದೇ. ಗೇಟ್ ಐತಲ್ಲ,” ಅಂದರು. “ನಮ್ಮೂರು ಗಂಡಸಿ ಕಡೆ. ನಮ್ಮವ್ವ ಬಿಂದಿಗೆ ಇಟ್ಕೊಂಡು ಬಾವಿ ಹತ್ರ ನಿಂತಿರೋಳು. ಯಾರಾದ್ರೂ ಸೇದಿ ಹುಯ್ಯೋರು ಬರ್ಬೇಕು. ಬಂದೋರು ಬೈತಾನೂ ಇರ್ಲಿಲ್ಲ, ಒಳ್ಳೇ ಜನವೇ. ಆದ್ರೆ ಬರೋ ತನಕ ನಿಂತಿರ್ಬೇಕಿತ್ತು.”

ಕಾಗದ ಮಡಚಿಕೊಂಡು ಪಕ್ಕದ ಮನೆಗೆ ಹೋದರು. ನನಗೆ ಕಸಿವಿಸಿಯಾಯಿತು. ಕಸಿವಿಸಿಯಾದಾಗ ತಮಾಷೆ ಮಾಡುವುದು ನನ್ನ ಹಳೆಯ ಚಾಳಿ. ಕಚೇರಿಯಲ್ಲಿ ಎಲ್ಲ ಸಾಹೇಬರ ದನಿಯನ್ನೂ ಅಣಕಿಸಿ ಹೆಸರು ಮಾಡಿದವಳು ನಾನು. ಆ ಸಂಜೆಯೇ ಫೋನು ಬಾಯಿಗೆ ಹಿಡಿದು, ಗಾರ್ಡ್ ಸಾರ್ ದನಿಯಲ್ಲಿ, “ನೋಡೀಮ್ಮ, ನಾನು ಹಸಿರು ಬಾವುಟ ಅಲ್ಲಾಡಿಸೋ ತನಕ ಒಂದು ತೊಟ್ಟು ನೀರೂ ಹೊರಡಕೂಡದು. ಸಹಿ ಹಾಕಿದೋರು ಮಾತ್ರ ಹತ್ತಿ!” ಅಂತ ಹೇಳಿ ನನ್ನ ಓರಗಿತ್ತಿಗೆ ಕಳಿಸಿದೆ. ಅವಳಿರುವುದು ಅದೇ ಬೀದಿಯಲ್ಲಿ, ನಾಲ್ಕು ಮನೆ ಆಚೆ. ಪುಣ್ಯಾತ್‌ಗಿತ್ತಿ ಅದನ್ನು ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿದಳು.

ಹೊಟ್ಟೆ ಹುಣ್ಣಾಗುವಷ್ಟು ನಕ್ಕರಂತೆ ಎಲ್ಲರೂ. ಆಮೇಲೆ ಗಾರ್ಡ್ ಸಾರ್ ಯಾರ ಮನೆಗೆ ಹೋದರೂ, ಬಾಗಿಲು ತೆಗೆದವರು ಅವರ ಮುಖ ನೋಡಿದ ಕೂಡಲೇ ನಗು ತಡೆದುಕೊಂಡು ಒಳಗೆ ಓಡುತ್ತಿದ್ದರು. ಹಾಕುತ್ತೀವಿ ಅಂದಿದ್ದವರೂ ನಾಳೆ, ನಾಡಿದ್ದು ಅಂದರು. ರುಜುಗಳು ಸಾಲಲಿಲ್ಲ. ಘಟಕ ಗೇಟಿನೊಳಗೆ ಹೋಯಿತು. ಆ ದನಿಯನ್ನು ನಾನು ಕಳಿಸಿದ್ದು ಅವರದೇ ವೈಫೈನಲ್ಲಿ ಅನ್ನುವುದು ನೆನಪಾದಾಗ ನನ್ನ ಮೇಲೇ ನನಗೆ ಅಸಹ್ಯವಾಯಿತು. ನನ್ನ ಫೋನಿನಿಂದ ಅಳಿಸಿದೆ, ಓರಗಿತ್ತಿಯ ಕೈಲಿ ಗುಂಪಿನಿಂದಲೂ ಅಳಿಸಿಹಾಕಿಸಿದೆ. ಅಳಿಸಿದರೆ ಏನು ಬಂತು, ಅಷ್ಟರಲ್ಲಿ ಬೀದಿಯವರಿಗೆಲ್ಲ ಬಾಯಿಪಾಠವಾಗಿತ್ತು.

ಒಂದು ಭಾನುವಾರ ಬೆಳಿಗ್ಗೆ ರಂಗೋಲಿ ಹಾಕುತ್ತಿದ್ದೆ. ಎದುರಿಗೆ ಎರಡು ಕಾಲು, ನಡುವೆ ಒಂದು ಮೊಳ ಜಾಗ. ತಲೆ ಎತ್ತುವುದಕ್ಕೆ ಧೈರ್ಯ ಬರಲಿಲ್ಲ.

“ಚೆನ್ನಾಗಿ ಮಾಡಿದೀರ ಕಣಮ್ಮ,” ಅಂದರು. “ನಮ್ಮನೇಲೂ ನಕ್ಕರು. ಒಂದೇ ತಪ್ಪು. ನಾನು ಸಹಿ ಅನ್ನಲ್ಲ, ರುಜು ಅಂತೀನಿ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. “ತಪ್ಪಾಯ್ತು ಸಾರ್,” ಅನ್ನಬೇಕಿತ್ತು. ಎಳೆದ ಎಳೆಯ ಮೇಲೇ ಮತ್ತೆ ರಂಗೋಲಿ ಎಳೆದೆ. ಅವರೇ, “ನಿಮ್ಮ ಹಿಂದಿನ ರೂಮಿಗೆ ಸಿಗ್ನಲ್ ಸರಿಯಾಗಿ ಬತ್ತೈತಾ?” ಅಂತ ಕೇಳಿದರು. ಹೂಂ ಅಂದೆ. ಹೊರಟುಹೋದರು. ಪಾಸ್‌ವರ್ಡ್ ಬದಲಾಯಿಸಲಿಲ್ಲ. ಆ ವರ್ಷ ಗೋಡೆಗೆ ಸುಣ್ಣ ಹೊಡೆಸಿದಾಗ ಅದನ್ನೇ ಮತ್ತೆ ಬರೆಸಿದರು.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ನಾಲ್ಕು ದಿನ ಜ್ವರ ಅಂತ ಮಲಗಿದರು. ಐದನೇ ದಿನ ಹಾಸನಕ್ಕೆ ಕರೆದುಕೊಂಡು ಹೋಗುವಾಗ ದಾರಿಯಲ್ಲೇ ಹೋದರು. ಬಾಣಾವರದಿಂದ, ಇನ್ನೆಲ್ಲೆಲ್ಲಿಂದಲೋ ರೈಲ್ವೆಯವರು ಬಂದಿದ್ದರು. ಬುದ್ಧನ ಫೋಟೊ ಮುಂದೆ ಮೇಣದ ಬತ್ತಿ ಹಚ್ಚಿ, ಒಬ್ಬೊಬ್ಬರೂ ಎರಡು ಮಾತಾಡಿದರು. ನಾನು ಹಿಂದೆ ಕೂತಿದ್ದೆ. ಎಲ್ಲ ಮುಗಿದ ಮೇಲೆ ಅವರ ಮಗಳು ನನ್ನ ಹತ್ತಿರ ಬಂದಳು.

“ಅಕ್ಕಾ, ಅಪ್ಪನ ಫೋಟೊ ಬೇಕಾದಷ್ಟಿದೆ. ದನಿ ಎಲ್ಲೂ ಇಲ್ಲ. ನೀವು ಮಾಡಿದ್ರಲ್ಲ, ಆ ಆಡಿಯೋ ಇದ್ರೆ ಕಳಿಸ್ತೀರಾ?”

ಅಳಿಸಿಬಿಟ್ಟೆ ಅಂದೆ. ಪರವಾಗಿಲ್ಲ ಅಂತ ನನ್ನ ಕೈ ಒತ್ತಿದಳು. ಮನೆಗೆ ಬಂದು ಬಚ್ಚಲ ಬಾಗಿಲು ಹಾಕಿಕೊಂಡು ಅತ್ತೆ.

ಭವನದವರು ಕೆಟ್ಟವರಲ್ಲ. ನೀರು ಈಗಲೂ ಎಲ್ಲರಿಗೂ ಕೊಡುತ್ತಾರೆ. ಬೀಗದ ಕೈ ಇಟ್ಟುಕೊಂಡವರು ಒಂದು ದಿನ ಆರಕ್ಕೆ ಬರುತ್ತಾರೆ, ಒಂದು ದಿನ ಎಂಟಕ್ಕೆ. ಮದುವೆ ಇದ್ದ ದಿನ ಮಧ್ಯಾಹ್ನವೂ ಆಗುತ್ತದೆ. ಈ ಬೇಸಿಗೆಯಲ್ಲಿ ಕಚೇರಿಗೆ ಹೋಗುವಾಗ ದಿನಾ ನೋಡುತ್ತಿದ್ದೆ. ಹಿಂದಿನ ಓಣಿಯ ಹೆಂಗಸರು ಖಾಲಿ ಕ್ಯಾನು ಇಟ್ಟುಕೊಂಡು ಗೇಟಿನ ಹೊರಗೆ ನಿಂತಿರುತ್ತಿದ್ದರು.

ಹೋದ ತಿಂಗಳು ಒಂದು ಕಾಗದ ಬರೆದೆ, ಘಟಕ ಮೊದಲಿದ್ದ ಜಾಗಕ್ಕೇ ಬರಲಿ ಅಂತ. ಕೆಳಗೆ ಮೊದಲು ನನ್ನ ಹೆಸರು ಹಾಕಿದೆ. ನಮ್ಮೆಜಮಾನರು ಎರಡು ದಿನ ಮಾತು ಬಿಟ್ಟರು, ಬಿಡಲಿ. ನೇರ ಓರಗಿತ್ತಿಯ ಬಾಗಿಲಿಗೆ ಹೋದೆ.

“ಅಯ್ಯೋ ಅಕ್ಕಾ, ಇವರನ್ನ ಕೇಳಿ ಹೇಳ್ತೀನಿ. ನಮಗ್ಯಾಕೆ ಇಲ್ಲದ ಉಸಾಬರಿ?” ಅಂದಳು.

“ನೋಡೀಮ್ಮ, ಒಂದು ರುಜು,” ಅಂದೆ. “ನಮಗಲ್ಲ. ಗೇಟ್ ಹೊರಗೆ ನಿಂತಿರೋರಿಗೆ.”

ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. “ಅಬ್ಬಬ್ಬಾ, ಥೇಟ್ ಗಾರ್ಡ್ ಸಾರ್! ಇನ್ನೊಂದ್ಸಲ ಮಾಡಕ್ಕಾ.”

ನಾನು ಅಣಕಿಸಿರಲಿಲ್ಲ. ಅದು ಅವಳಿಗೆ ಯಾವಾಗ ತಿಳಿಯಿತೋ, ನಗು ನಿಂತಿತು. ಪೆನ್ನು ಹುಡುಕಿಕೊಂಡು ಒಳಗೆ ಹೋದಳು. ಅವಳು ಬರುವ ತನಕ ಕಾಗದ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ.