ಹೊಸ ಬೆಲ್ಟಿನ ಬಿಗಿ

ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುವವರಿಗೆ ನಾನು ರಬ್ಬರು, ಪ್ಲಾಸ್ಟಿಕ್ಕು, ನೂಲು ಕೂಡಿಸಿದ ರಬ್ಬರು ಇಂಥವುಗಳ ಸ್ವಭಾವ ಕಲಿಸುತ್ತೇನೆ. ಉಕ್ಕಿನದು ಸರಳ ಸ್ವಭಾವ. ಒಂದು ಮಿತಿಯೊಳಗೆ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ರಬ್ಬರಿನಲ್ಲಿ ಅರ್ಧ ಸ್ಪ್ರಿಂಗು, ಅರ್ಧ ಜೋನಿಬೆಲ್ಲ. ಎಳೆದು ಎರಡು ಮೊಳೆಗೆ ಸಿಕ್ಕಿಸಿಟ್ಟರೆ ಉದ್ದ ಅಷ್ಟೇ ಇರುತ್ತದೆ, ಒಳಗಿನ ಎಳೆತ ಮಾತ್ರ ಹೊತ್ತು ಹೋದಂತೆ ಇಳಿಯುತ್ತದೆ. ಮೊದಲ ಕೆಲವು ತಾಸು ಬೇಗ, ಆಮೇಲೆ ನಿಧಾನ, ಬಿಸಿ ಹೆಚ್ಚಿದರೆ ಇನ್ನೂ ಬೇಗ. ಇದಕ್ಕೆ ಸ್ಟ್ರೆಸ್ ರಿಲ್ಯಾಕ್ಸೇಶನ್ ಎನ್ನುತ್ತಾರೆ. ಹನ್ನೆರಡು ವರ್ಷದಿಂದ ಆ ಇಳಿಯುವ ಗೆರೆಯನ್ನು ಬೋರ್ಡಿನ ಮೇಲೆ ಎಳೆಯುತ್ತಿದ್ದೇನೆ. ಕಣ್ಣು ಮುಚ್ಚಿ ಎಳೆಯಬಲ್ಲೆ ಎಂದು ಜಂಬ ಬೇರೆ.

ಬ್ಯಾಡಗಿಯಲ್ಲಿರುವ ನನ್ನ ಅಕ್ಕ ಹೋದ ವರ್ಷ ಖಾರ ಬೀಸುವ ಗಿರಣಿ ಹಾಕಿದಳು. ಭಾವ ಬಸ್ ಕಂಡಕ್ಟರು, ಎರಡು ದಿನಕ್ಕೊಮ್ಮೆ ಮನೆಗೆ ಬರುವವರು. ಹೀಗಾಗಿ ಗಿರಣಿ ಪೂರ್ತಿ ಅವಳದೇ. ನಮ್ಮ ಕಡೆ ಬೇಸಿಗೆ ಬಂತೆಂದರೆ ಮನೆಮಂದಿಯೆಲ್ಲ ಕೂತು ಮೆಣಸಿನಕಾಯಿ ತೊಟ್ಟು ಮುರಿದು, ಒಣಗಿಸಿ, ಕೊತ್ತಂಬರಿ, ಒಣಕೊಬ್ಬರಿ, ಮಸಾಲೆ ಹುರಿದು, ವರ್ಷಕ್ಕಾಗುವಷ್ಟು ಖಾರ ಒಮ್ಮೆಲೇ ಬೀಸಿಸುತ್ತಾರೆ. ಅದು ಕೆಟ್ಟರೆ ಒಂದು ಹೊತ್ತಿನ ಊಟ ಕೆಟ್ಟಂತಲ್ಲ, ಇಡೀ ವರ್ಷ ಕೆಟ್ಟಂತೆ. ಆದ್ದರಿಂದ ಹೆಂಗಸರು ಸೀರೆ ಅಂಗಡಿ ಬದಲಿಸುತ್ತಾರೆ, ಖಾರದ ಗಿರಣಿ ಬದಲಿಸುವುದಿಲ್ಲ. ಓಣಿಯ ತುದಿಯಲ್ಲಿ ಹಳೆಯ ಗಿರಣಿಯೊಂದು ಚೆನ್ನಾಗಿಯೇ ನಡೆದಿತ್ತು. ಅಕ್ಕ ಬಹಳ ಓಡಾಡಿ, ಓಣಿಯ ದೊಡ್ಡ ಮನೆಯ ಅಜ್ಜಿಯನ್ನು ಒಪ್ಪಿಸಿದ್ದಳು. ಆ ಅಜ್ಜಿ ಎಲ್ಲಿ ಬೀಸಿಸುತ್ತಾಳೋ ಉಳಿದವರೂ ಅಲ್ಲಿಗೇ ಹೋಗುತ್ತಾರೆ. ಅವಳಿಗೆ ಖಾರ ಹಿಡಿಸಿದರೆ ಗಿರಣಿ ನೆಲೆಯೂರಿತು, ಇಲ್ಲವಾದರೆ ಅಕ್ಕನ ಹೆಸರು ಮೊದಲ ಹಂಗಾಮಿನಲ್ಲೇ ಹೋಯಿತು.

ಅಜ್ಜಿ ಬೀಸಿಸಲು ಬರಬೇಕಿದ್ದ ಭಾನುವಾರವೇ ಹಾವೇರಿಯ ಫಿಟ್ಟರ್ ಬಂದು ಮೋಟರಿಗೂ ಗಿರಣಿಗೂ ನಡುವೆ ಹೊಸ ಬೆಲ್ಟು ಹಾಕಿದ. ಯಾರೂ ಕರೆಯದಿದ್ದರೂ ನಾನು ಹೋಗಿದ್ದೆ. ತಮ್ಮ ಇಂಜಿನಿಯರಿಂಗ್ ಸರ್ ಆಗಿರುವಾಗ ಅಕ್ಕನ ಗಿರಣಿ ಬರೀ ಫಿಟ್ಟರನ ಕೈಯಲ್ಲಿರುವುದು ಸರಿಯಲ್ಲ ಎಂದು ನನಗೆ ನಾನೇ ತೀರ್ಮಾನಿಸಿದ್ದೆ. ಮೊಬೈಲಿನಲ್ಲಿ ಲೆಕ್ಕ ಹಾಕಿ, ಬೆಲ್ಟಿಗೆ ಇಷ್ಟೇ ಬಿಗಿ ಬೇಕು ಎಂದು ಕೊನೆಯ ನಟ್ಟು ತಿರುಗಿಸುವತನಕ ಅವನ ತಲೆಯ ಮೇಲೆ ನಿಂತಿದ್ದೆ.

ಅವನು ಕೈ ಒರೆಸಿಕೊಳ್ಳುತ್ತ ಹೇಳಿದ: "ಸರ, ಹೊಸಾ ಬೆಲ್ಟ ಐತಿ, ಸಡಲ ಆಗ್ತೈತಿ. ಒಂದ ತಾಸು ಖಾಲಿ ಓಡಸಿ ಮತ್ತ ಬಿಗಿ ಮಾಡೂಣು. ಸಂಜಿಮುಂದ ಇನ್ನೊಮ್ಮೆ. ಖಾರ ನಾಳೆ ಹಾಕ್ರಿ."

ಲೆಕ್ಕದ ಪ್ರಕಾರ ಬಿಗಿದ ಮೇಲೆ ಮತ್ತೆ ಮತ್ತೆ ಬಿಗಿಯುವುದು ಅಂದಾಜಿನವರ ಕೆಲಸ ಎಂದು ನಾನು ಅವನಿಗೆ ನಗುನಗುತ್ತಲೇ ತಿಳಿಸಿಕೊಟ್ಟೆ. ಅವನೂ ನಕ್ಕ. ಮಧ್ಯಾಹ್ನದ ಬಸ್ಸಿಗೆ ಅವನನ್ನು ಕಳಿಸಿಯೂಬಿಟ್ಟೆ. ಅವನು ಹೇಳಿದ್ದು ನಾನು ಹನ್ನೆರಡು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದ ಪಾಠವೇ. ಪಾಠ ಗ್ರೀಸು ಹತ್ತಿದ ಕೈಯಿಂದ ಬಂದದ್ದಕ್ಕೆ ನನಗೆ ಅದರ ಗುರುತೇ ಸಿಗಲಿಲ್ಲ. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಎನ್ನುತ್ತಾರಲ್ಲ, ಹಾಗೆ.

ಅಷ್ಟರಲ್ಲಿ ಅಜ್ಜಿ ಇಬ್ಬರು ಸೊಸೆಯರೊಂದಿಗೆ ಮೆಣಸಿನಕಾಯಿ ಚೀಲ, ಡಬ್ಬಿ ತಂದು ಕೂತಳು. ನಾಳೆ ಬರಲು ಹೇಳೋಣವೇ ಎಂದು ಅಕ್ಕನ ಮನಸ್ಸು ಹೊಯ್ದಾಡುತ್ತಿತ್ತು. ನನ್ನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದಳು:

"ತಮ್ಮಾ, ಅಂವ ಹೇಳಿದಂಗ ಇನ್ನೊಮ್ಮೆ ಬಿಗಿ ಮಾಡೂದು ಬ್ಯಾಡೇನು?"

"ಏನೂ ಬ್ಯಾಡಕ್ಕಾ. ಲೆಕ್ಕಾ ಹಾಕೇನಿ."

ಅಕ್ಕ ಬೆಲ್ಟು ನೋಡಿದಳು, ನನ್ನ ಮುಖ ನೋಡಿದಳು. ಕಡೆಗೆ ನನ್ನ ಮುಖವನ್ನೇ ನಂಬಿ ಸ್ವಿಚ್ ಹಾಕಿದಳು.

ತಗಡಿನ ಶೆಡ್ಡು, ಮೇಲೆ ಬ್ಯಾಡಗಿಯ ಬಿಸಿಲು. ಮೊದಲ ಚೀಲ ಚೆಂದಾಗಿ ಬೀಸಿತು. ಎರಡನೆಯದಕ್ಕೆ ಬೆಲ್ಟು ಕಿರ್ ಎನ್ನತೊಡಗಿತು. ಅಕ್ಕ ತಿರುಗಿ ನೋಡಿದಳು. ಮೆಣಸಿನಕಾಯಿ ಜಾಸ್ತಿ ಬಿದ್ದದ್ದಕ್ಕೆ ಮೋಟರ್ ತಿಣುಕುತ್ತಿದೆ ಅಷ್ಟೇ ಎಂದು ಕೈ ಎತ್ತಿ ಸಮಾಧಾನ ಹೇಳಿದೆ. ಬೆಲ್ಟು ಜಾರುತ್ತಿತ್ತು, ಜಾರಿ ಸುಡುತ್ತಿತ್ತು, ಆ ಹೊಗೆಯನ್ನು ಗಿರಣಿ ತನ್ನ ಬಾಯಿಯಿಂದಲೇ ಒಳಗೆ ಎಳೆದುಕೊಳ್ಳುತ್ತಿತ್ತು. ಬೇರೆ ಯಾವ ಗಿರಣಿಯಲ್ಲಾದರೂ ಸುಟ್ಟ ರಬ್ಬರಿನ ವಾಸನೆ ಯಾರ ಮೂಗಿಗಾದರೂ ಬಡಿಯುತ್ತಿತ್ತು. ಖಾರದ ಗಿರಣಿಯಲ್ಲಿ ಎಲ್ಲರ ಮೂಗಿಗೂ ಸೆರಗು. ನಾನು ಕರವಸ್ತ್ರ ಕಟ್ಟಿಕೊಂಡು, ಸೀನುತ್ತ, ಸೊಸೆಯರಿಗೆ ಗಿರಣಿಯ ವೇಗ ಎಷ್ಟು ಎಂದು ವಿವರಿಸುತ್ತಿದ್ದೆ. ಅವರು ಕೇಳಿರಲಿಲ್ಲ.

ರಾತ್ರಿ ಅಲ್ಲೇ ಉಳಿದೆ. ಬೆಳಿಗ್ಗೆ ನಾವು ಚಹಾ ಕುಡಿಯುತ್ತಿರುವಾಗ ಅಜ್ಜಿ ಡಬ್ಬಿ ಹೊರಿಸಿಕೊಂಡು ಬಂದಳು. ಬೈಯಲಿಲ್ಲ. ಮುಚ್ಚಳ ತೆಗೆದು ಅಕ್ಕನ ಮೂಗಿನ ಹತ್ತಿರ ಹಿಡಿದಳು, ಆಮೇಲೆ ನನ್ನ ಮೂಗಿಗೂ. ಪಂಕ್ಚರ್ ಅಂಗಡಿಯ ವಾಸನೆ. ನಾನು ಎದ್ದುಹೋಗಿ ಬೆಲ್ಟಿನ ಮೇಲೆ ಹೆಬ್ಬೆರಳು ಒತ್ತಿದೆ. ನಿನ್ನೆ ಬಿಗಿಯಾಗಿದ್ದದ್ದು ಇವತ್ತು ಜೋಕಾಲಿಯ ಹಗ್ಗದಂತೆ ಜೋತು ಬಿದ್ದಿತ್ತು. ನನ್ನ ಗೆರೆ ಬೋರ್ಡಿನ ಮೇಲೆ ಹೇಗೆ ಇಳಿಯುತ್ತದೋ ಹಾಗೇ ಇಳಿದಿತ್ತು. ಈಗ ಹೋಗಿ ತಪ್ಪು ಒಪ್ಪಿಕೊಳ್ಳಬೇಕು ಎಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅಕ್ಕನ ದನಿ ಕೇಳಿತು.

"ತಪ್ಪು ನಂದರೀ ಅಜ್ಜೀ. ಹೊಸಾ ಬೆಲ್ಟ, ಮತ್ತೊಮ್ಮೆ ಬಿಗಿ ಮಾಡೂದು ಮರತ್ನಿ."

ನಾನು ಬಾಯಿ ತೆರೆಯಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ. ಆ ಗಳಿಗೆಯಲ್ಲಿ ನನಗೆ ನಿಜವಾಗಿ ಅನಿಸಿದ್ದು ದುಃಖವಲ್ಲ, ಸದ್ಯ ಪಾರಾದೆ ಎನ್ನುವ ನೆಮ್ಮದಿ.

ಅಕ್ಕ ತಾನೇ ನಟ್ಟು ತಿರುಗಿಸುವ ಪಾನಾ ಹಿಡಿದು ಬೆಲ್ಟು ಬಿಗಿದಳು, ತಾಸು ಖಾಲಿ ಓಡಿಸಿದಳು, ಮತ್ತೆ ಬಿಗಿದಳು, ಸಂಜೆ ಇನ್ನೊಮ್ಮೆ. ಮರುದಿನ ತನ್ನ ಮನೆಗೆಂದು ಎತ್ತಿಟ್ಟ ಮೆಣಸಿನಕಾಯಿಯನ್ನು ಬೀಸಿ ಅಜ್ಜಿಯ ಡಬ್ಬಿ ತುಂಬಿಸಿ ಕಳಿಸಿದಳು. ಕೆಟ್ಟ ಖಾರವನ್ನು ನಾನು ರಾಣೆಬೆನ್ನೂರಿಗೆ ತಂದೆ. ಹೆಂಡತಿ ಒಂದೇ ಒಂದು ದಿನ ಪಲ್ಯಕ್ಕೆ ಹಾಕಿ, ಉಳಿದದ್ದನ್ನು ಹಿತ್ತಲಲ್ಲಿ ಇರುವೆ ಬಾರದಂತೆ ಚೆಲ್ಲಿದಳು. ಅದೇ ವಾರ ಒಬ್ಬ ವಿದ್ಯಾರ್ಥಿ, ಈ ರಿಲ್ಯಾಕ್ಸೇಶನ್ ಬದುಕಿನಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತದೆ ಸರ್ ಎಂದು ಕೇಳಿದ. ಪರೀಕ್ಷೆಗೆ ಬರುತ್ತದೆ, ಬರೆದುಕೋ ಎಂದೆ.

ಅಜ್ಜಿಗೆ ವರ್ಷದ ಖಾರ ಸಿಕ್ಕಿತ್ತು, ಮತ್ತೆ ಬರಲಿಲ್ಲ; ಕೆಟ್ಟ ಖಾರದ ಸುದ್ದಿ ಹಬ್ಬಿ ಓಣಿಯೂ ಬರಲಿಲ್ಲ. ಆ ಹಂಗಾಮು ಪೂರ್ತಿ ಅಕ್ಕ ಶೆಡ್ಡಿನ ಇನ್ನೊಂದು ಬದಿಗಿದ್ದ ಹಿಟ್ಟಿನ ಗಿರಣಿಯಲ್ಲಿ ಬರೀ ಜೋಳ ಬೀಸಿದಳು. ಫೋನಿನಲ್ಲಿ ಕೇಳಿದಾಗಲೆಲ್ಲ ಚಲೋ ನಡದೈತಿ ಎನ್ನುತ್ತಿದ್ದಳು. ಅದು ಸುಳ್ಳೆಂದು ಭಾವ ಹೇಳಿದರು.

ಈ ಬೇಸಿಗೆಯಲ್ಲಿ ಒಂದು ದಿನ ನಾನು ಗಿರಣಿಯಲ್ಲಿದ್ದಾಗ ಅದೇ ಅಜ್ಜಿ ಅದೇ ಸೊಸೆಯರೊಂದಿಗೆ ಮೆಣಸಿನಕಾಯಿ ತಂದಳು. ವರ್ಷವಿಡೀ ನುಂಗಿಕೊಂಡಿದ್ದ ಮಾತು ಆಗ ಹೊರಬಿತ್ತು. ಹೋದ ಸಲ ಬಿಗಿ ಮಾಡುವುದು ಬೇಡ ಎಂದವನು ನಾನು, ಅಕ್ಕನದೇನೂ ತಪ್ಪಿಲ್ಲ ಎಂದೆ.

ಅಜ್ಜಿ ಚೀಲದ ಬಾಯಿ ಬಿಚ್ಚುತ್ತಲೇ ಇದ್ದಳು.

"ಅವತ್ತ ಗೊತ್ತಾಗಿತ್ತ್ರಿ ಸರ. ಈಕಿ ಮರಿಯೂ ಪೈಕಿ ಅಲ್ಲ. ನೀವು ಅಲ್ಲೇ ಸುಮ್ಮನ ನಿಂತಿದ್ದ್ರಿ ನೋಡ್ರಿ, ಅದಕ್ಕ ಗೊತ್ತಾತು. ತಮ್ಮನ ಮಾನ ಉಳಸಾಕ ತನ್ನ ಗಿರಣಿ ಹೆಸರು ಕಳಕೊಂಡಾಕಿ, ನನ್ನ ಖಾರ ಕೆಡಸ್ತಾಳೇನು? ನೀವು ಇರೂತನಕ ಅಂಜಿಕಿ ಆಕ್ಕೈತಿ, ಅಷ್ಟ."

ಅಕ್ಕ ಬೆಲ್ಟಿನ ಮೇಲೆ ಹೆಬ್ಬೆರಳು ಒತ್ತಿ ನೋಡಿ, ನನ್ನನ್ನು ಹೊರಗೆ ಕಟ್ಟೆಯ ಮೇಲೆ ಕೂತಿರಲು ಹೇಳಿ, ಸ್ವಿಚ್ ಹಾಕಿದಳು. ಖಾರ ಬೀಸಿ ಮುಗಿಯುವತನಕ ನಾನು ಹೊರಗೇ ಕೂತಿದ್ದೆ.