ಅತ್ತಿಗೆ ಕಟ್ಟಿಕೊಟ್ಟ ಬಾಯಿ

ಪಾರ್ಶ್ವವಾಯು ಹೊಡೆದು ಅಣ್ಣನ ಮಾತು ನಿಂತಾಗ ನಾವೆಲ್ಲ ಕೈಚೆಲ್ಲಿ ಕೂತೆವು. ಅತ್ತಿಗೆ ಮಾತ್ರ ಕಂಪ್ಯೂಟರ್ ಮುಂದೆ ಕೂತರು. ಕಚೇರಿಗಳಿಗೆ ಪ್ರೋಗ್ರಾಂ ಬರೆದುಕೊಡುವುದು ಅವರ ಕಸುಬು. ಪರದೆಯ ತುಂಬ ದೊಡ್ಡ ದೊಡ್ಡ ಗುಂಡಿಗಳನ್ನಿಟ್ಟರು: ನೀರು, ನೋವು, ಡಾಕ್ಟರ್, ಹೌದು, ಬೇಡ. ಬೆರಳಿಟ್ಟರೆ ಕಂಪ್ಯೂಟರ್ ಮಾತಾಡುತ್ತಿತ್ತು. ಅಣ್ಣನದೂ ನನ್ನದೂ ಒಂದೇ ಗಂಟಲು ಎಂದು ಎಲ್ಲ ಮಾತನ್ನೂ ನನ್ನಿಂದಲೇ ಹೇಳಿಸಿ ತುಂಬಿದರು. ಅಣ್ಣ ಕೈಸನ್ನೆಯಲ್ಲೇ ಹಟ ಮಾಡಿ ಇನ್ನೊಂದು ಗುಂಡಿ ಹಾಕಿಸಿಕೊಂಡ. ನಾನು ಒಳಗೆ ಕಾಲಿಟ್ಟರೆ ಸಾಕು, "ಬಂದ್ಯಾ ಕೋತಿ!" ನನ್ನ ಧ್ವನಿಯಲ್ಲೇ ನನಗೆ ಬೈಗುಳ!

ಅದನ್ನು ಕಟ್ಟಿದ್ದು ಬೇರೆಯವರು ಮಾಡಿಟ್ಟ ಒಂದು ಫ್ರೇಮ್‌ವರ್ಕ್ ಮೇಲೆ. ಪರದೆಯ ಕಿಟಕಿ, ಗುಂಡಿ ಎಲ್ಲ ಅದರಲ್ಲಿ ಸಿದ್ಧವಾಗಿಯೇ ಬರುತ್ತವಂತೆ. ಅಣ್ಣನ ಕೈ ನಡುಗಿ ಪಕ್ಕದ ಗುಂಡಿಗೆಲ್ಲ ತಾಗುತ್ತಿತ್ತು.

"ಇದ್ರಲ್ಲಿ ಎಲ್ಲ ಗುಂಡಿಗೂ ಒಬ್ಬಳೇ ತಾಯಿ," ಎಂದು ಅತ್ತಿಗೆ ನಕ್ಕರು. "ಬೆರಳು ನಿಲ್ಲೋವರೆಗೂ ಕಾಯಿ ಅಂತ ಅವಳಿಗೊಬ್ಬಳಿಗೆ ಹೇಳ್ಕೊಟ್ರೆ ಆಯ್ತು, ಮಕ್ಕಳಿಗೆಲ್ಲ ತಾನಾಗೇ ಬರುತ್ತೆ."

ಅದಕ್ಕಾಗಿ ಫ್ರೇಮ್‌ವರ್ಕಿನ ಒಳಗಿನ ಬರಹಕ್ಕೇ ಕೈಹಾಕಿದರು. ತಪ್ಪು ಗುಂಡಿ ಮಾತಾಡುವುದು ನಿಂತಿತು. ಅವರ ಜೊತೆ ಕೆಲಸ ಮಾಡುವವಳು ಆಗಲೇ ಹೇಳಿದ್ದಳು: "ಅವರು ಕಟ್ಟಿದ್ದನ್ನ ತಿದ್ದಬೇಡ್ವೇ, ನಿಂದೇ ಒಂದು ಗುಂಡಿ ಮಾಡ್ಕೋ. ಮುಂದೆ ಸಿಕ್ಕಿಹಾಕ್ಕೋತೀಯ." ಗಂಡ ನೀರು ಕೇಳಲಾಗದೆ ಒದ್ದಾಡುವಾಗ ಮುಂದಿನದನ್ನು ಯಾರು ಯೋಚಿಸುತ್ತಾರೆ?

ಆ ಮುಂದೆ ಬಂದೇಬಂತು. ಫ್ರೇಮ್‌ವರ್ಕ್ ಮಾಡಿದವರು ಅಂಗಡಿ ಎತ್ತಿದರು, ಹಿಂದೆಯೇ ನಮ್ಮ ಹಳೆಯ ಕಂಪ್ಯೂಟರ್ ಸುಟ್ಟುಹೋಯಿತು. ಹೊಸದರಲ್ಲಿ ಏನು ಮಾಡಿದರೂ ಹಳೆಯ ಪ್ರೋಗ್ರಾಂ ಕಿಟಕಿ ತೆರೆಯುತ್ತಿತ್ತೇ ಹೊರತು ಬಾಯಿ ತೆರೆಯುತ್ತಿರಲಿಲ್ಲ. ಅತ್ತಿಗೆ ಇನ್ನೊಂದು ಫ್ರೇಮ್‌ವರ್ಕ್ ಹಿಡಿದು ಮೊದಲಿಂದ ಬರೆದರು. ಅದರಲ್ಲಿ ತಾಯಿಗೆ ಬೀಗ, ಮುಟ್ಟುವ ಹಾಗೇ ಇಲ್ಲ. ಒಂದೊಂದೇ ಗುಂಡಿಗೆ ಬುದ್ಧಿ ಹೇಳಿದರೂ ಬೆರಳು ಚೂರು ಜಾರಿದರೆ ಪಕ್ಕದ್ದು ಬಾಯಿ ಹಾಕುತ್ತಿತ್ತು. ಅಣ್ಣ ನೀರು ಕೇಳಿದರೆ "ನೋವು" ಎನ್ನುತ್ತಿತ್ತು. ನನ್ನನ್ನು ಕೋತಿ ಅನ್ನಲು ಹೋಗಿ ಡಾಕ್ಟರನ್ನು ಕರೆದ. ನಾವು ನಕ್ಕೆವು. ಅವನು ನಗಲಿಲ್ಲ.

ಅತ್ತಿಗೆ ಬಿಡಬೇಕಲ್ಲ! ಬರೆಯುವುದು, ಅಳಿಸುವುದು, ಊಟದ ತಟ್ಟೆ ಬದಿಗೆ ಸರಿಸಿ "ಇದೊಂದ್ಸಲ ಒತ್ತಿ, ಇದೊಂದೇ ಸಲ" ಎಂದು ಅವನ ಬೆರಳು ಹಿಡಿಯುವುದು. ನನಗೋ ಸಿಟ್ಟು ಮೂಗಿನ ತುದಿಯಲ್ಲಿ.

"ಸಾಕು ಮಾಡಿ ಅತ್ತಿಗೆ! ಅವನನ್ನ ನೆಮ್ಮದಿಯಾಗಿರೋಕೆ ಬಿಡಿ," ಎಂದು ರೇಗಿದೆ.

"ನಿಮಗೇನು, ನಿಮ್ಮನೆಗೆ ಹೋಗ್ತೀರಿ. ಇವರ ಮಾತಿಲ್ದೆ ನಂಗೆ ಮನೆಯೆಲ್ಲ ಬಿಕೋ ಅನ್ನುತ್ತೆ." ಕಣ್ಣು ತುಂಬಿಕೊಂಡರು.

ಮೊನ್ನೆ ಸಂಜೆ ಅಣ್ಣ ರಸ್ತೆ ನೋಡುತ್ತ ಕೂತಿದ್ದ. ಅತ್ತಿಗೆ ಅವನ ಕುರ್ಚಿಯನ್ನು ಪರದೆಯತ್ತ ತಿರುಗಿಸಿದರು.

"ಇದನ್ನೂ ಅಳಿಸಿಬಿಡ್ತೀನಿ ಕಣ್ರೀ. ನಾಳೆಯಿಂದ ಮತ್ತೆ ಮೊದಲಿಂದ ಶುರು ಮಾಡೋಣ, ಆಯ್ತಾ?"

ಅಣ್ಣ ಮಣಿಕಟ್ಟನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದ. ನಿಧಾನವಾಗಿ ಬೆರಳು ಚಾಚಿದ. ಅದು ಎಳ್ಳಷ್ಟೂ ನಡುಗಲಿಲ್ಲ. ನಾನು ಕಣ್ಣಾರೆ ಕಂಡೆ.

"ಬೇಡ" ಎಂದಿತು ನನ್ನ ಧ್ವನಿ.

"ಅಯ್ಯೋ, ಮತ್ತೆ ಪಕ್ಕದ್ದೇ ತಾಗ್ತು ನೋಡಿ," ಎನ್ನುತ್ತ ಅತ್ತಿಗೆ ಅವನ ಬೆರಳನ್ನು ಎತ್ತಿ ಇನ್ನೊಂದು ಗುಂಡಿಯ ಮೇಲಿಟ್ಟರು.

"ಹೌದು" ಎಂದಿತು ನನ್ನ ಧ್ವನಿ.

ಅಣ್ಣ ನನ್ನ ಮುಖ ನೋಡಿದ. ಬಾಯಿ ಇದ್ದವನು ನಾನು. ಒಂದು ಮಾತೂ ಆಡಲಿಲ್ಲ.